ನಾಲ್ಕು ಮಳೆಗಾಲ ಕಂಡ ಮಲ್ಟಿಮೀಟರ್

ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ. ಕಾಳಿ ನದಿಯ ಅಳಿವೆಯಿಂದ ಬೀಸುವ ಉಪ್ಪುಗಾಳಿ ಇಲ್ಲಿ ಸ್ವಿಚ್ಚಿನೊಳಗಿನ ತಿರುಪನ್ನೂ ಬಿಡುವುದಿಲ್ಲ. ವೈರಿಂಗ್ ಕೆಡುವುದು ವಾಡಿಕೆಯಾದ್ದರಿಂದ ನಾಲ್ಕು ವರ್ಷಗಳ ಹಿಂದೆ ಪೇಟೆಯಲ್ಲಿ 450 ರೂಪಾಯಿ ಕೊಟ್ಟು ವೋಲ್ಟೇಜ್, ವಿದ್ಯುತ್ ಪ್ರವಾಹ, ರೋಧ ಮೂರನ್ನೂ ಅಳೆಯುವ, 9 ವೋಲ್ಟ್ ಬ್ಯಾಟರಿಯ ಸಾದಾ ಡಿಜಿಟಲ್ ಮಲ್ಟಿಮೀಟರ್ ತಂದೆ.

ಕೊಟ್ಟ ಹಣ ಎರಡನೆಯ ಮಳೆಗಾಲದಲ್ಲೇ ಮರಳಿ ಬಂತು. ಬಾವಿಯ ಅರ್ಧ ಅಶ್ವಶಕ್ತಿಯ ಪಂಪು ಗುಂಯ್‌ಗುಡುತ್ತಿತ್ತು, ನೀರು ಮಾತ್ರ ತೀರಾ ನಿಧಾನವಾಗಿ ಏರುತ್ತಿತ್ತು. ನೋಡಲು ಬಂದವರು ವೈಂಡಿಂಗ್ ಹೋಗಿದೆ, ಮೋಟಾರು ಬಿಚ್ಚಬೇಕು ಎಂದರು. ನಾನು ಪಂಪಿನ ಬಳಿ ವೋಲ್ಟೇಜ್ ಅಳೆದೆ. ಮೋಟಾರು ನಿಂತಿದ್ದಾಗ 226, ಮನೆಯ ಸ್ವಿಚ್ ಬೋರ್ಡಿನಲ್ಲಿ ಇದ್ದಷ್ಟೇ. ಚಾಲೂ ಮಾಡಿದೊಡನೆ ಪಂಪಿನ ಬಳಿ 186ಕ್ಕೆ ಕುಸಿಯಿತು, ಬೋರ್ಡಿನಲ್ಲಿ 226 ಹಾಗೆಯೇ ನಿಂತಿತು. ದಾರಿಯಲ್ಲಿ ಎಲ್ಲೋ 40 ವೋಲ್ಟ್ ಕಳೆದುಹೋಗುತ್ತಿತ್ತು. ಪಂಪಿನ ಫಲಕದಲ್ಲಿ 4 ಆಂಪಿಯರ್ ಎಂದಿತ್ತು. 1827ರಲ್ಲಿ ಜಾರ್ಜ್ ಸೈಮನ್ ಓಮ್ ಪ್ರಕಟಿಸಿದ ನಿಯಮದಂತೆ 40ನ್ನು 4ರಿಂದ ಭಾಗಿಸಿದರೆ 10 ಓಮ್ ರೋಧ, ಎಂದರೆ ವಿದ್ಯುತ್ತಿನ ಹರಿವಿಗೆ ಅಷ್ಟು ಅಡ್ಡಿ. 40ನ್ನು 4ರಿಂದ ಗುಣಿಸಿದರೆ ಆ ಜಾಗದಲ್ಲಿ ಸುಮಾರು 160 ವಾಟ್ ಶಾಖ! ಮೇನ್ ಸ್ವಿಚ್ ಆರಿಸಿ ತಂತಿಯುದ್ದಕ್ಕೂ ಹುಡುಕಿದೆ. ತೆಂಗಿನ ಮರದ ಹತ್ತಿರ ಟೇಪ್ ಸುತ್ತಿದ ಒಂದು ಜಾಯಿಂಟ್ ಕರಗಿ ಅಂಟಾಗಿತ್ತು, ಒಳಗೆ ತಾಮ್ರವೆಲ್ಲ ಹಸಿರು ಕಿಲುಬು. ಅದನ್ನು ಕತ್ತರಿಸಿ ಹೊಸದಾಗಿ ಜೋಡಿಸಿದ ಮೇಲೆ ಪಂಪು ಓಡುವಾಗಲೂ 223. ವಿದ್ಯುತ್ ಪ್ರವಾಹ ಹರಿಯದಿದ್ದರೆ ಕೆಟ್ಟ ಜಾಯಿಂಟಿನಲ್ಲಿ ವೋಲ್ಟೇಜ್ ಇಳಿಯುವುದಿಲ್ಲ, ಮೀಟರು ತಾನಾಗಿ ಎಳೆಯುವ ಪ್ರವಾಹ ಲೆಕ್ಕಕ್ಕೇ ಬಾರದಷ್ಟು. ಶಾಲೆಯಲ್ಲಿ ಸೂತ್ರವನ್ನು ಬಾಯಿಪಾಠ ಮಾಡಿದ್ದ ನನಗೆ ಇದು ಅರ್ಥವಾದದ್ದು ಆ ಸಂಜೆ.

ಹತ್ತನೇ ತರಗತಿಯ ಮಗಳು 60 ವಾಟ್‌ನ ಹಳೆಯ ತಂತು ಬಲ್ಬಿನ ರೋಧ ಅಳೆದಾಗ 66 ಓಮ್ ಬಂತು. ಲೆಕ್ಕದ ಪ್ರಕಾರ 230ರ ವರ್ಗವನ್ನು 60ರಿಂದ ಭಾಗಿಸಿದರೆ 882. "ಅಪ್ಪಾ, ಮೀಟರು ಕೆಟ್ಟಿದೆಯೇ?" ಎಂದಳು. ಕೆಟ್ಟಿರಲಿಲ್ಲ. ತಣ್ಣಗಿರುವ ಟಂಗ್‌ಸ್ಟನ್ ತಂತು ಉರಿಯುವಾಗ ಎರಡು ಸಾವಿರ ಡಿಗ್ರಿ ದಾಟುತ್ತದೆ, ಅದರ ರೋಧವೂ ಹತ್ತು ಪಟ್ಟಿಗಿಂತ ಹೆಚ್ಚಾಗುತ್ತದೆ. ಅವಳಿಗೆ ಅದನ್ನು ವಿವರಿಸುವಾಗ ನನಗಾದ ಸಂತೋಷ ದೊಡ್ಡದು.

ಕೊರತೆಗಳೂ ಇವೆ. ಅಳೆಯಲು ತಾಗಿಸುವ ಕಡ್ಡಿಯ, ಅಂದರೆ ಪ್ರೋಬಿನ, ತಂತಿ ಕುತ್ತಿಗೆಯಲ್ಲಿ ಎರಡು ಸಲ ತುಂಡಾಯಿತು. ತುದಿಗಳನ್ನು ಒಂದಕ್ಕೊಂದು ತಾಗಿಸಿದರೆ ಮೊದಲು 0.4 ಓಮ್ ತೋರಿಸುತ್ತಿತ್ತು, ಈಗ 0.9, ಸಣ್ಣ ರೋಧ ಅಳೆಯುವಾಗ ಅಷ್ಟನ್ನು ಕಳೆಯುತ್ತೇನೆ. ಬ್ಯಾಟರಿ ಇಳಿದಾಗ ಇದು ಸುಳ್ಳು ಹೇಳುತ್ತದೆ: ಒಮ್ಮೆ ಬೋರ್ಡಿನಲ್ಲಿ 260 ವೋಲ್ಟ್ ತೋರಿಸಿತು, ಹೊಸ ಬ್ಯಾಟರಿ ಹಾಕಿದಾಗ 229. ಪರದೆಗೆ ಬೆಳಕಿಲ್ಲ.

ಕೊಳ್ಳುವವರಿಗೆ ಒಂದು ಕಳಕಳಿಯ ಮಾತು. ಓಮ್ ಅಳೆಯುವಾಗ ವಿದ್ಯುತ್ ಪೂರ್ತಿ ಆರಿರಬೇಕು. ನನ್ನ ಮೀಟರಿನಲ್ಲಿ ಪ್ರವಾಹ ಅಳೆಯಲು ಪ್ರೋಬ್ ಸಿಕ್ಕಿಸುವ 10 ಆಂಪಿಯರ್ ತೂತಿಗೆ ಫ್ಯೂಸ್ ಇಲ್ಲ. ಪ್ರೋಬನ್ನು ಅಲ್ಲಿಯೇ ಮರೆತು ಮನೆಯ ಲೈನಿನ ವೋಲ್ಟೇಜ್ ನೋಡಲು ಹೋದರೆ ನೇರ ಶಾರ್ಟ್ ಸರ್ಕ್ಯೂಟ್. ಮಗಳೂ ಬಳಸುವುದರಿಂದ ಆ ತೂತಿನ ಮೇಲೆ ಕೆಂಪು ಟೇಪ್ ಅಂಟಿಸಿದ್ದೇನೆ.