ಟರ್ಮಿನಲ್‌ನಲ್ಲಿ ಫೈಲು, ಆಯ್ಕೆ ಏನೂ ಕೊಡದೆ ಬರೀ ಹೆಸರು ಟೈಪ್ ಮಾಡಿದರೆ ಕಮಾಂಡ್ ಏನು ಮಾಡಬೇಕು?

ಟೂಲ್ ಬರೆಯುವವರು ಇದನ್ನು ಮೊದಲೇ ತೀರ್ಮಾನಿಸಬೇಕು.

ಫೈಲಿನಲ್ಲಿರುವುದನ್ನು ತೋರಿಸುವ ‘ಕ್ಯಾಟ್’, ಸಾಲುಗಳನ್ನು ಕ್ರಮವಾಗಿ ಜೋಡಿಸುವ ‘ಸಾರ್ಟ್’ ಇನ್‌ಪುಟ್‌ಗಾಗಿ ಸುಮ್ನೆ ಕಾಯುತ್ತವೆ. ಒಂದು ಕಮಾಂಡ್‌ನ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಕೊಡುವ ಪೈಪ್‌ನಲ್ಲಿ ಇದು ಬಲು ಅನುಕೂಲ. ಆದರೆ ಹೊಸಬರಿಗೆ ಕಾಣುವುದು ಮಿನುಗುವ ಕರ್ಸರ್ ಮಾತ್ರ. ಹ್ಯಾಂಗ್ ಆಯ್ತು ಅಂದುಕೊಂಡು ಕಂಟ್ರೋಲ್-ಸಿ ಒತ್ತುತ್ತಾರೆ. ಕಂಟ್ರೋಲ್-ಡಿ ಒತ್ತಿದರೆ ಇನ್‌ಪುಟ್ ಮುಗಿಯುತ್ತದೆ ಅಂತ ಅವರಿಗೆ ಯಾರು ಹೇಳಿರುತ್ತಾರೆ, ಅಲ್ವಾ?

ಪಠ್ಯದಲ್ಲಿ ಹುಡುಕುವ ‘ಗ್ರೆಪ್’ ಹಾಗಲ್ಲ. ಬಳಸುವ ರೀತಿಯನ್ನು ಚುಟುಕಾಗಿ ತೋರಿಸಿ, ತಪ್ಪಾಗಿದೆ ಅಂತ ಸೂಚಿಸುವ ಎಕ್ಸಿಟ್ ಕೋಡ್ 2 ಕೊಟ್ಟು ನಿಲ್ಲುತ್ತದೆ. ಸ್ಕ್ರಿಪ್ಟ್‌ಗೂ ತಪ್ಪು ಗೊತ್ತಾಗುತ್ತದೆ.

ಫೈಲುಗಳ ಪಟ್ಟಿ ತೋರಿಸುವ ‘ಎಲ್‌ಎಸ್’ ಈಗಿರುವ ಫೋಲ್ಡರನ್ನೇ ಹಿಡಿಯುತ್ತದೆ. ಬರೀ ತೋರಿಸುವ ಟೂಲ್‌ಗೆ ಸರಿ, ಅಳಿಸುವ ಟೂಲ್‌ಗೆ ಬೇಡವೇ ಬೇಡ.

ಫಿಲ್ಟರ್ ಆದರೆ, ಅಂದರೆ ಇನ್‌ಪುಟ್ ಓದಿ ಬದಲಿಸಿ ಕೊಡುವ ಟೂಲ್ ಆದರೆ, ನನ್ನ ಓಟು ಕಾಯುವುದು, ತಿಳಿಸುವುದು ಎರಡರ ಬೆರಕೆಗೆ. ಇನ್‌ಪುಟ್ ಟರ್ಮಿನಲ್‌ನಿಂದಲೋ ಪೈಪ್‌ನಿಂದಲೋ ಅಂತ ‘ಐಸ್‌ಎಟಿಟಿವೈ’ ಫಂಕ್ಷನ್ ಹೇಳುತ್ತದೆ. ಪೈಪ್ ಇದ್ದರೆ ಓದಲಿ. ಟರ್ಮಿನಲ್ ಆದರೆ “ಇನ್‌ಪುಟ್‌ಗೆ ಕಾಯುತ್ತಿದ್ದೇನೆ” ಅಂತ ಒಂದು ಸಾಲು ಬರಲಿ, ಅದೂ ಔಟ್‌ಪುಟ್‌ನಿಂದ ಬೇರೆಯಾಗಿ ಸಂದೇಶಗಳು ಹೋಗುವ ಎರರ್ ಸ್ಟ್ರೀಮ್‌ಗೆ. ಇಲ್ಲದಿದ್ದರೆ ಆ ಸಾಲು ಔಟ್‌ಪುಟ್ ಫೈಲಿನೊಳಗೇ ಸೇರಿಕೊಳ್ಳಬಹುದು.