ಮದುವೆ ಮೆರವಣಿಗೆಯ ಲೇಸರ್ ಮತ್ತು ಕೊರಳಲ್ಲಿನ ಕ್ಯಾಮೆರಾ: ನಮ್ಮ ಕಡೆಯವರಿಗೆ ಒಂದು ಎಚ್ಚರಿಕೆ

ಚಿಕ್ಕ ಫುಲ್‌ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ (ಬೆಳಕು ಹಿಡಿಯುವ ಸೆನ್ಸರ್ ದೊಡ್ಡದು, ಅದರ ಮುಂದೆ ಕನ್ನಡಿ ಇಲ್ಲ) ಹಾಕಿಕೊಂಡು ದಿನವೂ ಓಡಾಡುವವರು ಕಲಬುರಗಿ, ಬೀದರ್ ಕಡೆ ಈಗ ಹೆಚ್ಚಾಗಿದ್ದಾರೆ. ಅವರೆಲ್ಲರಿಗೂ ಹೇಳುವುದು ಇಷ್ಟು: ಡಿಜೆಯವರು ಲೇಸರ್ ಹಚ್ಚಿದ ಜಾಗದಲ್ಲಿ ಕ್ಯಾಮೆರಾ ಹೊರಗೆ ತೆಗೆಯಬೇಡಿ. ಕೊರಳಲ್ಲಿದ್ದರೆ ಲೆನ್ಸಿಗೆ ಮುಚ್ಚಳ ಹಾಕಿ. ಆಫ್ ಮಾಡಿದರೆ ಮಾತ್ರ ಸಾಲದು, ಏಕೆಂದರೆ ಎಷ್ಟೋ ಕ್ಯಾಮೆರಾಗಳಲ್ಲಿ ಆಫ್ ಮಾಡಿದ ಮೇಲೂ ಸೆನ್ಸರಿನ ಮುಂದಿನ ಪರದೆ, ಅಂದರೆ ಶಟರ್, ತೆರೆದೇ ಇರುತ್ತದೆ. ನನ್ನ ಕ್ಯಾಮೆರಾದ ಸೆನ್ಸರ್ ಒಂದು ಮದುವೆ ಮೆರವಣಿಗೆಯಲ್ಲಿ ಸುಟ್ಟುಹೋಯಿತು.

ಇಂಥ ಕ್ಯಾಮೆರಾ ಯಾಕೆ ಬೇಕು ಎಂದು ಕೇಳುವವರಿದ್ದಾರೆ. 2020ರಲ್ಲಿ ಬಂದ ಸೋನಿ ಎ7ಸಿ ಬ್ಯಾಟರಿ, ಕಾರ್ಡ್ ಸೇರಿ 509 ಗ್ರಾಂ. ಪ್ಯಾನಸೋನಿಕ್ ಎಸ್9 486, ಸಿಗ್ಮಾ ಎಫ್‌ಪಿ 422. ಅರ್ಧ ಕಿಲೋ ಆಸುಪಾಸಿನ ತೂಕದಲ್ಲಿ 36×24 ಮಿ.ಮೀ. ಸೆನ್ಸರ್ ಸಿಗುತ್ತದೆ ಎಂದರೆ ಕತ್ತಲಲ್ಲಿ ಕೆಲಸ ಮಾಡುವವರಿಗೆ ಅದು ದೊಡ್ಡ ಮಾತು. ಕಲಬುರಗಿ ಕೋಟೆಯ ಜಾಮಾ ಮಸೀದಿಯನ್ನೇ ನೋಡಿ. 1367ರ ಕಟ್ಟಡ, ನಡುವೆ ತೆರೆದ ಅಂಗಳವಿಲ್ಲ, ಇಡೀ ಮಸೀದಿಗೆ ಚಾವಣಿ. ಒಳಗಿನ ಕಮಾನುಗಳ ಸಾಲಿನಲ್ಲಿ ಬೆಳಕು ಒಂದೊಂದು ಹೆಜ್ಜೆಗೂ ಕಡಿಮೆಯಾಗುತ್ತ ಹೋಗುತ್ತದೆ. ಟ್ರೈಪಾಡ್ ಇಲ್ಲದೆ ಅಲ್ಲಿ ನಿಂತು ಫೋಟೊ ತೆಗೆಯಲು ನನಗೆ ಈ ಕ್ಯಾಮೆರಾ ಬೇಕಿತ್ತು. ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಹರಾಜಾಗುವಾಗ, ಅಪ್ಪನ ಕೆರೆ ದಂಡೆಯ ಮೇಲೆ ಸಂಜೆಯಾಗುವಾಗ ಅದು ಜೊತೆಗಿರುತ್ತಿತ್ತು. ಮದುವೆಗೂ ಹಾಗೇ ಬಂತು.

ಹತ್ತಿರದ ಸಂಬಂಧಿಕರ ಮದುವೆ. ವರ ಕುದುರೆ ಮೇಲೆ, ಮುಂದೆ ಡಿಜೆ ಗಾಡಿ. ಗಾಡಿಯ ಮುಂಭಾಗಕ್ಕೆ ಲೇಸರ್ ಪೆಟ್ಟಿಗೆ ಕಟ್ಟಿದ್ದರು, ಅದೂ ಸರಿಯಾಗಿ ಜನರ ಮುಖದ ಎತ್ತರಕ್ಕೆ. ನಾನು ಕುಣಿಯುತ್ತಿದ್ದ ಮಕ್ಕಳ ಫೋಟೊ ತೆಗೆಯುತ್ತಿದ್ದೆ. ಸ್ಕ್ರೀನ್ ಒಂದು ಕ್ಷಣ ಪೂರ್ತಿ ಹಸಿರಾಗಿ ಮತ್ತೆ ಸರಿಹೋಯಿತು. ಆ ರಾತ್ರಿಯ ಚಿತ್ರಗಳಲ್ಲಿ ಬಣ್ಣದ ದೀಪಗಳೇ ತುಂಬಿದ್ದರಿಂದ ಏನೂ ಗೊತ್ತಾಗಲಿಲ್ಲ.

ಗೊತ್ತಾದದ್ದು ಬೀದರಿನಲ್ಲಿ. ಬಿದರಿ ಕೆಲಸ ಮಾಡುವ ಹಿರಿಯರೊಬ್ಬರ ಬಳಿ ಕೂತಿದ್ದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿ, ಅದರ ಮೇಲೆ ಕೂರಿಸಿದ ಬೆಳ್ಳಿ ತಂತಿ. ಕೋಟೆಯ ಮಣ್ಣು, ನವಸಾಗರ ಕಲಸಿದ ನೀರಿನಲ್ಲಿ ಹಾಕಿ ತೆಗೆದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. ಆ ಕಪ್ಪಿನ ನಡುವೆ ಕ್ಯಾಮೆರಾ ನನಗೆ ಇಲ್ಲದ ಒಂದು ತಂತಿ ತೋರಿಸಿತು. ತೆಳ್ಳಗಿನ ಗುಲಾಬಿ ಗೆರೆ, ಚೌಕಟ್ಟಿನ ಮೇಲಿನಿಂದ ಕೆಳಗಿನವರೆಗೆ ನೆಟ್ಟಗೆ. ಹೂಜಿ ತಿರುಗಿಸಿದರೂ, ಲೆನ್ಸ್ ಬದಲಿಸಿದರೂ ಗೆರೆ ಅಲ್ಲೇ. ಅದರ ಪಕ್ಕದಲ್ಲಿ ಬಿಳಿ ಚುಕ್ಕೆಗಳ ಗುಂಪು. ಕೂಡಲೇ ಮದುವೆಯ ಫೋಟೊಗಳನ್ನು ಹಿಗ್ಗಿಸಿ ನೋಡಿದೆ. ಸ್ಕ್ರೀನ್ ಹಸಿರಾದ ಮೇಲಿನ ಪ್ರತಿ ಚಿತ್ರದಲ್ಲೂ ಅದೇ ಗೆರೆ ಇತ್ತು.

ಕಾರಣ ಸರಳ. ಲೇಸರಿನ ಬೆಳಕು ಬಲ್ಬಿನ ಬೆಳಕಿನ ಹಾಗೆ ಹರಡುವುದಿಲ್ಲ, ಹೆಚ್ಚುಕಡಿಮೆ ಸಮಾನಾಂತರವಾಗಿ ಬರುತ್ತದೆ. ಭೂತಗನ್ನಡಿ ಬಿಸಿಲನ್ನು ಒಂದು ಚುಕ್ಕೆಗೆ ತಂದು ಕಾಗದ ಸುಡುವಂತೆ ಲೆನ್ಸ್ ಅದನ್ನು ಸೆನ್ಸರಿನ ಒಂದು ಬಿಂದುವಿಗೆ ತಂದು ನಿಲ್ಲಿಸುತ್ತದೆ. ಅಲ್ಲಿನ ಪಿಕ್ಸೆಲ್ ಸಾಯುತ್ತದೆ. ಅದರ ಜೊತೆ ಆ ಸಾಲಿನ ಸಂಕೇತ ಒಯ್ಯುವ ತಂತುವೂ ಹೋದರೆ ಇಡೀ ಸಾಲೇ ಗೆರೆಯಾಗುತ್ತದೆ. ಹಳೆಯ ಡಿಎಸ್‌ಎಲ್‌ಆರ್‌ನಲ್ಲಿ ಸೆನ್ಸರಿನ ಮುಂದೆ ಕನ್ನಡಿ ಇರುತ್ತಿತ್ತು, ಬಟನ್ ಒತ್ತಿದ ಚೂರು ಹೊತ್ತು ಮಾತ್ರ ಬೆಳಕು ಒಳಗೆ. ಮಿರರ್‌ಲೆಸ್‌ನಲ್ಲಿ ಆನ್ ಇದ್ದಷ್ಟು ಹೊತ್ತೂ ಸೆನ್ಸರ್ ತೆರೆದಿರುತ್ತದೆ, ಎಫ್‌ಪಿ ಮತ್ತು ಎಸ್9ರಲ್ಲಂತೂ ಮೆಕ್ಯಾನಿಕಲ್ ಶಟರೇ ಇಲ್ಲ. ಇನ್ನೊಂದು ವಿಷಯ: 35 ಎಂಎಂ ಎಫ್/1.8 ಲೆನ್ಸಿನಲ್ಲಿ ಬೆಳಕು ಒಳಬರುವ ಕಿಂಡಿ ಸುಮಾರು 19 ಮಿ.ಮೀ. ಅಗಲ, ಫೋನಿನದು ಕೆಲವೇ ಮಿ.ಮೀ. ಪಕ್ಕದಲ್ಲಿ ನಿಂತು ಫೋನಿನಲ್ಲಿ ವಿಡಿಯೊ ಮಾಡಿದವರಿಗೆ ಏನೂ ಆಗಲಿಲ್ಲ ಎಂದು ಧೈರ್ಯ ತಂದುಕೊಳ್ಳಬೇಡಿ. ಲೆನ್ಸಿನ ಮುಂದೆ ಹಾಕುವ ಯುವಿ ಫಿಲ್ಟರ್ ಇದನ್ನು ತಡೆಯುವುದಿಲ್ಲ.

ಇದು ನನ್ನೊಬ್ಬನ ಕಥೆಯಲ್ಲ. 2019ರ ಜನವರಿಯಲ್ಲಿ ಲಾಸ್ ವೇಗಾಸ್‌ನ ಸಿಇಎಸ್ ಎಲೆಕ್ಟ್ರಾನಿಕ್ಸ್ ಪ್ರದರ್ಶನದಲ್ಲಿ ಕಾರಿನ ಮೇಲಿದ್ದ ಲೈಡಾರ್‌ನ (ಲೇಸರಿನಿಂದ ದೂರ ಅಳೆಯುವ ಸಾಧನ) ಫೋಟೊ ತೆಗೆದವರೊಬ್ಬರ ಸೋನಿ ಎ7ಆರ್ 2 ಹೀಗೇ ಹಾಳಾಗಿತ್ತು. ಕಣ್ಣಿಗೆ ಅಪಾಯವಿಲ್ಲ ಎಂದು ಹೇಳುವ ಲೇಸರ್ ಕೂಡ ಸೆನ್ಸರನ್ನು ಕೆಡಿಸಬಲ್ಲದು ಎಂಬುದು ಆಗ ಸುದ್ದಿಯಾಯಿತು.

ಹೈದರಾಬಾದಿನ ಸರ್ವಿಸ್ ಸೆಂಟರಿಗೆ ಒಯ್ದೆ. ಲೇಸರ್ ಪೆಟ್ಟು ವಾರಂಟಿಯಲ್ಲಿ ಬರುವುದಿಲ್ಲ ಎಂದರು. ಸೆನ್ಸರ್ ಬದಲಿಸಲು ಹೇಳಿದ ಮೊತ್ತ ಹೊಸ ಬಾಡಿಯ (ಲೆನ್ಸ್ ಬಿಟ್ಟು ಕ್ಯಾಮೆರಾದ) ಅರ್ಧ ಬೆಲೆಗಿಂತ ಹೆಚ್ಚು. ಡಿಜೆಯವರಿಗೆ ಫೋನ್ ಮಾಡಿದರೆ, "ಅಣ್ಣಾ, ಎಲ್ಲಾ ಮದುವ್ಯಾಗೂ ಇದೇ ಲೈಟ್ ಹಚ್ಚತೀವಿ, ಯಾರೂ ಏನೂ ಅಂದಿಲ್ಲ" ಎಂದು ಇಟ್ಟುಬಿಟ್ಟರು.

ನನಗೆ ನಿಜವಾಗಿ ಸಿಟ್ಟು ತರಿಸಿದ್ದು ಅದರ ನಂತರದ್ದು. ಹಳೆಯ ಕ್ಯಾಮೆರಾ ಕೊಂಡು ಮಾರುವ ಒಬ್ಬರು ಗೆರೆ ನೋಡಿ ನಕ್ಕು ಹೇಳಿದರು: "ಸರ್, ಇದಕ್ಕ ರೊಕ್ಕ ಯಾಕ ಹಾಕ್ತೀರಿ? ಹಗಲ ಬೆಳಕಿನ್ಯಾಗ ಎರಡು ಫೋಟೊ ತೆಗೆದು ಸ್ಕ್ರೀನ್ ಮ್ಯಾಲ ತೋರಿಸಿದ್ರ ಏನೂ ಕಾಣಂಗಿಲ್ಲ. ಹೊಸದಾಗಿ ಸ್ಟುಡಿಯೊ ಹಾಕೋ ಹುಡುಗರು ಕೇಳ್ಲತ್ತಾರ, ಕೊಟ್ಟು ಬಿಡಮ್ರಿ." ಸಾಲ ಮಾಡಿ ಯಾದಗಿರಿಯಲ್ಲೋ ಶಹಾಪುರದಲ್ಲೋ ಅಂಗಡಿ ಇಡುವ ಹುಡುಗನ ಕೈಗೆ ಸುಟ್ಟ ಸೆನ್ಸರ್ ದಾಟಿಸುವುದು! ನಾನು ಕೊಡಲಿಲ್ಲ. ಆದರೆ ಅವರ ಮಾತಿನ ಸಲೀಸು ನೋಡಿದರೆ ಇಂಥ ಬಾಡಿಗಳು ಈಗಾಗಲೇ ಕೈಬದಲಾಗುತ್ತಿವೆ ಎಂದೇ ನನಗನ್ನಿಸುತ್ತದೆ.

ಆದ್ದರಿಂದ ಸೆಕೆಂಡ್ ಹ್ಯಾಂಡ್ ಕೊಳ್ಳುವವರು, ಅದರಲ್ಲೂ ಮದುವೆ ಕೆಲಸಕ್ಕೆ ಬಳಸಿದ ಕ್ಯಾಮೆರಾ ಕೊಳ್ಳುವವರು, ಶಟರ್ ಎಣಿಕೆ (ಎಷ್ಟು ಫೋಟೊ ತೆಗೆದಿದೆ ಎಂಬ ಲೆಕ್ಕ) ಕೇಳಿ ಸುಮ್ಮನಾಗಬೇಡಿ. ನಿಮ್ಮದೇ ಕಾರ್ಡ್ ಒಯ್ಯಿರಿ. ಮುಚ್ಚಳ ಹಾಕಿ ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 100ರಲ್ಲಿ ಕೆಲವು ಸೆಕೆಂಡಿನ ಒಂದು ಚಿತ್ರ, 6400ರಲ್ಲಿ ಇನ್ನೊಂದು, ಎರಡೂ ರಾ ಫೈಲ್ (ಜೆಪೆಗ್ ಮಾಡದ ಮೂಲ ಫೈಲ್). ಖಾಲಿ ಗೋಡೆಯದೊಂದು. ಜೊತೆಗೆ 4ಕೆ ವಿಡಿಯೊ ಸ್ವಲ್ಪ, ಏಕೆಂದರೆ ವಿಡಿಯೊದಲ್ಲಿ ಸೆನ್ಸರ್ ಓದುವ ರೀತಿ ಬೇರೆಯಿರಬಹುದು, ಒಂದರಲ್ಲಿ ಅಡಗಿದ ಗೆರೆ ಇನ್ನೊಂದರಲ್ಲಿ ಸಿಗಬಹುದು. ರೊಕ್ಕ ಕೊಡುವ ಮೊದಲು ಕಂಪ್ಯೂಟರಿನಲ್ಲಿ ನೂರಕ್ಕೆ ನೂರು ಹಿಗ್ಗಿಸಿ ಮೂಲೆಮೂಲೆ ನೋಡಿ. ಪಿಕ್ಸೆಲ್ ಮ್ಯಾಪಿಂಗ್ (ಕೆಟ್ಟ ಪಿಕ್ಸೆಲ್‌ಗಳನ್ನು ಕ್ಯಾಮೆರಾವೇ ಮರೆಮಾಚುವುದು) ಮಾಡಿದರೆ ಹೋಗುತ್ತದೆ ಎಂದು ಹೇಳುತ್ತಾರೆ. ಬಿಡಿ ಚುಕ್ಕೆಗಳು ಮರೆಯಾಗಬಹುದು, ಇಡೀ ಸಾಲು ಸತ್ತ ಗೆರೆಯನ್ನು ಅದರಿಂದ ಸರಿಮಾಡಲು ಬರುವುದಿಲ್ಲ.

ಎಲ್ಲ ಬೆಳಕಿಗೂ ಹೆದರಬೇಕಿಲ್ಲ. ಶಾರ್ಪಿ (ತಿರುಗುವ ಬೀಮ್ ಲೈಟ್), ಎಲ್‌ಇಡಿ ಪಾರ್ (ಬಣ್ಣದ ಸ್ಟೇಜ್ ಲೈಟ್) ದೀಪಗಳು ಇಂಥ ಅಪಾಯದವಲ್ಲ. ಲೇಸರ್ ಗುರುತಿಸುವುದು ಸುಲಭ: ಹೊಗೆಯಲ್ಲಿ ನೂಲಿನಷ್ಟು ತೆಳ್ಳಗಿನ ಗೆರೆ, ಅಪ್ಪಟ ಹಸಿರು, ಕೆಂಪು ಅಥವಾ ನೀಲಿ, ಗೋಡೆಗೆ ಬಿದ್ದಲ್ಲಿ ಕಾಳುಕಾಳಾಗಿ ಮಿನುಗುತ್ತದೆ. ಗಣೇಶ ವಿಸರ್ಜನೆಯಲ್ಲೂ ಈಗ ಇದೇ ಹಚ್ಚುತ್ತಾರೆ.

ಮನೆಯಲ್ಲಿ ಮದುವೆ ಇದ್ದವರಲ್ಲಿ ಒಂದು ಕೋರಿಕೆ. ಡಿಜೆಗೆ ಅಡ್ವಾನ್ಸ್ ಕೊಡುವಾಗಲೇ ಲೇಸರ್ ಬೇಡ ಎಂದು ಹೇಳಿ. ಕೇಳದಿದ್ದರೆ ಪೆಟ್ಟಿಗೆಯನ್ನು ಎತ್ತರಕ್ಕೆ ಕಟ್ಟಿಸಿ, ಗೆರೆ ಎಲ್ಲರ ತಲೆಗಿಂತ ಸಾಕಷ್ಟು ಮೇಲೆ ಹೋಗುವಂತೆ ತಿರುಗಿಸಿ. ಕೊಲ್ಹಾಪುರದಲ್ಲಿ ಗಣೇಶ ಮೆರವಣಿಗೆಯ ಲೇಸರಿನಿಂದ ಹುಡುಗರ ರೆಟಿನಾಕ್ಕೆ ಪೆಟ್ಟಾದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಆ ಮದುವೆಯಲ್ಲಿ ಅಪ್ಪಂದಿರ ಹೆಗಲ ಮೇಲೆ ಕೂತ ಕೂಸುಗಳು ಸರಿಯಾಗಿ ಆ ಪೆಟ್ಟಿಗೆಯ ಎದುರಿಗೇ ಇದ್ದವು.