ಓಲಿಯೊ ಆ್ಯಪ್: ಮಿಕ್ಕ ಆಹಾರವನ್ನು ನೆರೆಮನೆಗೆ ತಲುಪಿಸುವ ಸೇವೆ

ಉತ್ತರ ಲಂಡನ್ನಿನ ನಮ್ಮ ಬೀದಿಗೆ ಬಂದು ಮೂರು ವರ್ಷ ಕಳೆದಿದ್ದರೂ ಎಡಬಲದ ಎರಡು ಮನೆಗಳವರನ್ನು ಬಿಟ್ಟರೆ ನನಗೆ ಯಾರ ಪರಿಚಯವೂ ಇರಲಿಲ್ಲ. ಇಂದು ಹನ್ನೊಂದು ಮನೆಗಳವರನ್ನು ಹೆಸರು ಹಿಡಿದು ಮಾತನಾಡಿಸುತ್ತೇನೆ. ಇದಕ್ಕೆ ಕಾರಣ ಎರಡು ವರ್ಷಗಳಿಂದ ಬಳಸುತ್ತಿರುವ ಓಲಿಯೊ ಆ್ಯಪ್.

2014ರಲ್ಲಿ ಟೆಸ್ಸಾ ಕ್ಲಾರ್ಕ್ ಸ್ವಿಟ್ಜರ್‌ಲೆಂಡಿನಿಂದ ಬ್ರಿಟನ್ನಿಗೆ ಮರಳಲು ಮನೆ ಖಾಲಿ ಮಾಡುತ್ತಿದ್ದಾಗ, ಉಳಿದ ಆಹಾರವನ್ನು ಎಸೆದುಬಿಡಿ ಎಂದು ಸಾಮಾನು ಸಾಗಿಸಲು ಬಂದವರು ಹೇಳಿದರು. ಯಾರ್ಕ್‌ಷೈರಿನ ರೈತ ಕುಟುಂಬದಲ್ಲಿ ಬೆಳೆದ ಅವರಿಗೆ ಅದಕ್ಕೆ ಮನಸ್ಸು ಒಪ್ಪಲಿಲ್ಲ. ಆ ಕಸಿವಿಸಿಯಿಂದ ಹುಟ್ಟಿದ ಈ ಸೇವೆಯನ್ನು ಅವರು ಸಾಷಾ ಸೆಲೆಸ್ಟಿಯಲ್-ಒನ್ ಅವರೊಡನೆ 2015ರಲ್ಲಿ ಆರಂಭಿಸಿದರು.

ಬಳಕೆ ಸುಲಭ. ಮಿಕ್ಕ ಪದಾರ್ಥದ ಚಿತ್ರ ತೆಗೆದು, ಅದೇನೆಂದೂ ಯಾವಾಗ ಬಂದು ಒಯ್ಯಬಹುದೆಂದೂ ಬರೆದರೆ ಸಾಕು; ಹತ್ತಿರದವರು ಕೇಳುತ್ತಾರೆ, ಸಂದೇಶದಲ್ಲಿ ಸಮಯ ಗೊತ್ತುಮಾಡಿಕೊಂಡು ಬಾಗಿಲಿಗೆ ಬರುತ್ತಾರೆ. ಆಹಾರಕ್ಕೆ ಹಣ ಪಡೆಯುವಂತಿಲ್ಲ. ಇಲ್ಲಿನ ಪೊಟ್ಟಣಗಳ ಮೇಲೆ ಎರಡು ಬಗೆಯ ದಿನಾಂಕಗಳಿರುತ್ತವೆ: ‘ಯೂಸ್ ಬೈ’ ಎಂಬುದು ಸುರಕ್ಷತೆಗೆ, ‘ಬೆಸ್ಟ್ ಬಿಫೋರ್’ ಎಂಬುದು ರುಚಿ ಮತ್ತು ಗುಣಮಟ್ಟಕ್ಕೆ ಸಂಬಂಧಿಸಿದ್ದು. ಮೊದಲನೆಯದು ಮೀರಿದ್ದನ್ನು ಹಂಚುವಂತಿಲ್ಲ, ಎರಡನೆಯದು ಮೀರಿದ್ದನ್ನು ಹಂಚಬಹುದು. ಈ ವ್ಯತ್ಯಾಸ ತಿಳಿಯದೆ ನಾನೇ ಎಷ್ಟೋ ಬಾರಿ ಚೆನ್ನಾಗಿದ್ದ ಬೇಳೆಯನ್ನೂ ಬಿಸ್ಕತ್ತನ್ನೂ ಕಸಕ್ಕೆ ಹಾಕಿದ್ದೆನಲ್ಲ ಎಂದು ಈಗ ಸಂಕಟವಾಗುತ್ತದೆ.

ಸ್ವಯಂಸೇವಕರು ಅಂಗಡಿಗಳಲ್ಲಿ ಮಿಕ್ಕ ಆಹಾರವನ್ನು ಸಂಗ್ರಹಿಸಿ ತಂದು ಹಂಚುವ ವ್ಯವಸ್ಥೆಯೂ ಇದರಲ್ಲಿದೆ. 2020ರಲ್ಲಿ ಇಲ್ಲಿನ ದೊಡ್ಡ ಸೂಪರ್‌ಮಾರ್ಕೆಟ್ ಸರಪಳಿ ಟೆಸ್ಕೊ ಇದಕ್ಕೆ ಕೈಜೋಡಿಸಿತು. ಅದರ ಪ್ರಯೋಜನ ದೊಡ್ಡದು, ನಿಜ. ಆದರೆ ಬ್ರೆಡ್ಡಿನ ಪೊಟ್ಟಣ ಕೈಗೆ ಬಂದ ಮೇಲೆ ಅಲ್ಲಿ ಮಾತು ಬೆಳೆಯುವುದು ಅಪರೂಪ. ಮನೆಯಿಂದ ಮನೆಗೆ ಹೋಗುವ ಆಹಾರದ ಬಗೆಯೇ ಬೇರೆ. ಬೀದಿಯ ಕೊನೆಯ ಮನೆಯ ಅಜ್ಜಿಯ ಹಿತ್ತಲಿನಲ್ಲಿ ಬ್ರ್ಯಾಮ್ಲಿ ಸೇಬಿನ ಮರವಿದೆ. ಹಾಗೆಯೇ ತಿನ್ನಲಾಗದಷ್ಟು ಹುಳಿಯಾದ, ಅಡುಗೆಗೇ ಬಳಸುವ ಆ ಹಣ್ಣು ಶರತ್ಕಾಲದಲ್ಲಿ ಬುಟ್ಟಿಗಟ್ಟಲೆ ಉದುರುತ್ತದೆ. ಒಂದು ಚೀಲ ತಂದು, ತುರಿದು, ಮಾವಿನಕಾಯಿಯ ಬದಲು ಚಿತ್ರಾನ್ನಕ್ಕೆ ಬೆರೆಸಿದೆ. ಉಳಿದದ್ದಕ್ಕೆ ಮೆಂತ್ಯ, ಬೆಲ್ಲ ಹಾಕಿ ಗೊಜ್ಜು ಮಾಡಿದೆ. ಆ ಗೊಜ್ಜು ಅಜ್ಜಿಯ ಮನೆಗೆ ಹೋಯಿತು, ಅವರ ಬಟ್ಟಲು ಜಾಮ್ ತುಂಬಿಕೊಂಡು ನಮ್ಮಲ್ಲಿಗೆ ಬಂತು. ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಮೈಸೂರಿನಲ್ಲಿ ನನ್ನ ತಾಯಿ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕಳುಹಿಸುತ್ತಿದ್ದದ್ದು ಅಂದು ನೆನಪಾಯಿತು.

ಬೇಯಿಸಿದ ಅಡುಗೆ ಹಾಕುವವರು ಅದರಲ್ಲಿ ಏನೇನಿದೆ ಎಂದು ಪೂರ್ತಿಯಾಗಿ ಬರೆಯಲೇಬೇಕು. ನಮ್ಮ ಚಟ್ನಿಪುಡಿ, ಗೊಜ್ಜುಗಳಲ್ಲಿರುವ ಕಡಲೆಕಾಯಿ, ಎಳ್ಳು, ಸಾಸಿವೆಗಳು ಇಲ್ಲಿ ಅನೇಕರಿಗೆ ಒಗ್ಗುವುದಿಲ್ಲ. ಬರುತ್ತೇನೆಂದು ಹೇಳಿ ಬಾರದಿರುವವರೂ ಇದ್ದಾರೆ. ಬಿಸಿ ಅಡುಗೆಯನ್ನು ಮುಚ್ಚಿಟ್ಟುಕೊಂಡು ಕಾದದ್ದು ನನಗೆ ನಾಲ್ಕೈದು ಬಾರಿಯಾದರೂ ಆಗಿದೆ. ಆದ್ದರಿಂದ ಕೆಡುವಂಥದ್ದಕ್ಕೆ ಇಬ್ಬರನ್ನು ಗೊತ್ತುಮಾಡಿಕೊಂಡಿರುವುದು ಒಳ್ಳೆಯದು.

ಸ್ಮಾರ್ಟ್‌ಫೋನ್ ಇಲ್ಲದವರು ಇದರಿಂದ ಹೊರಗುಳಿಯುತ್ತಾರೆಂಬುದೇ ನನ್ನ ಮುಖ್ಯ ಕೊರಗು. ನಮ್ಮ ಎದುರು ಮನೆಯ ವೃದ್ಧರು ಅಂಥವರು. ಅವರಿಗೆ ಏನು ಬೇಕೆಂದು ಬೆಳಿಗ್ಗೆ ಕೇಳಿಕೊಂಡು, ಸಂಜೆ ಹತ್ತಿರದಲ್ಲಿ ಅದು ಸಿಕ್ಕಿದರೆ ನಾನೇ ತಂದುಕೊಡುತ್ತೇನೆ.